ಹೊಸ ಮನೆ, ತಂಪಿನ ವಿಂಗಡಣೆ ಮತ್ತು ವರ್ತಕರ ಲೆಕ್ಕ

1902ರ ಜೂನ್ 30ರಂದು ಮಳವಳ್ಳಿ ತಾಲ್ಲೂಕಿನ ಬ್ಲಫ್‌ನಿಂದ, ಎಂದರೆ ಶಿವನಸಮುದ್ರದ ಜಲವಿದ್ಯುದಾಗಾರದಿಂದ, ಹೊರಟ ವಿದ್ಯುತ್ತು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ಅದಾದ ಹದಿನೇಳನೆಯ ದಿನ, ಜುಲೈ 17ರ ದಿನಾಂಕ ಹೊತ್ತ ಒಂದು ಯಂತ್ರದ ನಕ್ಷೆಯು ಅಮೆರಿಕದಲ್ಲಿ ಸಿದ್ಧವಾಯಿತು. ವಿಲ್ಲಿಸ್ ಕ್ಯಾರಿಯರ್ ಎಂಬ ಯುವ ಎಂಜಿನಿಯರ್ ರಚಿಸಿದ ಆ ನಕ್ಷೆಯೇ ಇಂದಿನ ಹವಾನಿಯಂತ್ರಣ ಯಂತ್ರದ ಮೂಲವೆಂದು ಪರಿಗಣಿತವಾಗಿದೆ. ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ ಬೇಸಿಗೆಯ ತೇವದಿಂದ ಕಾಗದ ಹಿಗ್ಗಿ, ಒಂದರ ಮೇಲೊಂದು ಅಚ್ಚಾಗಬೇಕಾದ ಬಣ್ಣಗಳು ಪಕ್ಕಕ್ಕೆ ಸರಿದು, ಮಾಲು ಹಾಳಾಗುತ್ತಿತ್ತು. ಅದನ್ನು ತಪ್ಪಿಸಲು ಹುಟ್ಟಿದ ಯಂತ್ರವದು. ಮನುಷ್ಯರ ಸುಖಕ್ಕಾಗಿ ಹುಟ್ಟಿದ್ದಲ್ಲ. ಒಬ್ಬ ಉದ್ಯಮಿಯ ನಷ್ಟದ ಲೆಕ್ಕದಿಂದ ಆರಂಭವಾದ ಯಂತ್ರವು ಇಂದು ಮಂಡ್ಯ, ಮದ್ದೂರು, ಮಳವಳ್ಳಿಗಳ ವರ್ತಕರ ಹೊಸ ಮನೆಗಳಿಗೆ ಯಾವ ಲೆಕ್ಕವೂ ಇಲ್ಲದೆ ಪ್ರವೇಶಿಸುತ್ತಿರುವುದು ಸ್ವಲ್ಪ ವಿಚಿತ್ರವೇ ಸರಿ.

ಬ್ಲಫ್‌ನ ಯೋಜನೆಯಲ್ಲಿ ಲೆಕ್ಕಕ್ಕಿದ್ದ ಸ್ಥಾನವನ್ನು ಇಲ್ಲಿ ನೆನೆಯಬೇಕು. ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಮೈಸೂರು ಸರ್ಕಾರ ಈ ಸಾಹಸಕ್ಕೆ ಕೈಹಾಕಿದಾಗ, ವಿದ್ಯುತ್ತನ್ನು ಕೊಳ್ಳುವವರು ಯಾರು, ಅವರಿಗೆ ಬೇಕಾದ ಶಕ್ತಿ ಎಷ್ಟು ಎಂಬುದು ಗಣಿ ಕಂಪನಿಗಳೊಡನೆ ಮೊದಲೇ ತೀರ್ಮಾನವಾಗಿತ್ತು. ಲಾಟ್ಬಿನಿಯೇರ್ ಎಂಬ ಎಂಜಿನಿಯರ್ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ತಲಾ 720 ಕಿಲೋವಾಟ್‌ನ ಆರು ಯಂತ್ರಗಳು ಸ್ಥಾಪನೆಗೊಂಡದ್ದು ಆ ಬಳಿಕ. (ಶೇಷಾದ್ರಿ ಅಯ್ಯರ್ ಅವರು 1901ರ ಸೆಪ್ಟೆಂಬರ್‌ನಲ್ಲೇ ತೀರಿಕೊಂಡರು, ದೀಪ ಹತ್ತಿದ್ದನ್ನು ಅವರು ಕಾಣಲಿಲ್ಲ.) ಹೊರೆಯ ಲೆಕ್ಕ ಮೊದಲು, ಯಂತ್ರ ಆಮೇಲೆ ಎಂಬ ಈ ಕ್ರಮವೇ ಒಂದು ಮನೆಯ ತಂಪಿನ ಯೋಜನೆಗೂ ಅನ್ವಯಿಸತಕ್ಕದ್ದು. ಈಗ ನಡೆಯುತ್ತಿರುವುದು ಇದಕ್ಕೆ ವಿರುದ್ಧವಾಗಿದೆ. ಗೃಹಪ್ರವೇಶದ ಆಮಂತ್ರಣ ಅಚ್ಚಾದ ಮೇಲೆ ಅಂಗಡಿಗೆ ಹೋಗಿ ಕೋಣೆಗೊಂದರಂತೆ ಏ.ಸಿ. ತರುವುದು, ಹೊಸದಾಗಿ ಬಣ್ಣ ಕಂಡ ಗೋಡೆಯನ್ನು ಕೊರೆಯಿಸುವುದು, ಹೊರಗಿನ ಯಂತ್ರಕ್ಕೆ ಜಾಗವಿಲ್ಲದೆ ಬಚ್ಚಲ ಕಿಟಕಿಯ ಮುಂದೆ ತೂಗುಹಾಕುವುದು ಎಲ್ಲ ಊರುಗಳಲ್ಲೂ ಕಾಣುವ ದೃಶ್ಯ. ಇನ್ನು ಕೆಲವರು ಬೆಂಗಳೂರಿನ ಮಾರಾಟಗಾರರ ಮಾತಿಗೆ ಮನಸೋತು ಇಡೀ ಮನೆಗೆ ಒಂದೇ ಕೇಂದ್ರೀಯ ವ್ಯವಸ್ಥೆಯನ್ನು ಕೂರಿಸಿಕೊಳ್ಳುತ್ತಾರೆ. ಎರಡೂ ದಾರಿಗಳಲ್ಲಿ ಹಣ ವ್ಯರ್ಥವಾಗುತ್ತದೆ, ಎರಡನೆಯದರಲ್ಲಿ ಹೆಚ್ಚು.

ಪಾಶ್ಚಾತ್ಯ ದೇಶಗಳಲ್ಲಿ ಮನೆಯನ್ನು ವಲಯಗಳಾಗಿ ವಿಂಗಡಿಸಿ ಬಿಸಿ ಅಥವಾ ತಂಪು ಒದಗಿಸುವ ಪದ್ಧತಿ ಹಳೆಯದು. ಅಲ್ಲಿ ನೆಲಮಾಳಿಗೆಯ ಒಂದು ಯಂತ್ರದಿಂದ ಕೊಳವೆಗಳ ಮೂಲಕ ಎಲ್ಲ ಕೋಣೆಗಳಿಗೂ ಗಾಳಿ ಹರಿಯುತ್ತದೆ. ಬೇಡವಾದ ಭಾಗದ ಕೊಳವೆಯನ್ನು ಮುಚ್ಚುವ ಬಾಗಿಲು, ಪ್ರತಿ ಭಾಗಕ್ಕೂ ಒಂದು ಉಷ್ಣಮಾಪಕ ಇರುತ್ತವೆ. ಹೊರಗೆ ಹಿಮ ಬೀಳುವಾಗ ಇಡೀ ಮನೆಯನ್ನು ಸ್ವಲ್ಪವಾದರೂ ಬೆಚ್ಚಗಿಡದಿದ್ದರೆ ನಲ್ಲಿಯ ನೀರೂ ಹೆಪ್ಪುಗಟ್ಟುವ ದೇಶಗಳಿಗೆ ಅದು ಸರಿ. 1982ರಲ್ಲಿ ಜಪಾನಿನ ಡೈಕಿನ್ ಕಂಪನಿಯು ಹೊರಗೆ ಒಂದೇ ಯಂತ್ರ, ಒಳಗೆ ಕೋಣೆಗೊಂದು ಘಟಕ ಇರುವ ವಿ.ಆರ್.ಎಫ್. ಮಾದರಿಯನ್ನು ತಂದಿತು. ಹೋಟೆಲು, ಆಸ್ಪತ್ರೆಗಳಿಗೆ ಅದು ಉತ್ತಮ ಸಾಧನ. ಆದರೆ ಮಂಡ್ಯ ಜಿಲ್ಲೆಯ ಮನೆಗೆ ಬಿಸಿಗಾಳಿ ಬೇಕಿಲ್ಲ. ಇಲ್ಲಿ ಬಿಸಿ ಬೇಕಾದುದು ಸ್ನಾನದ ನೀರಿಗೆ ಮಾತ್ರ. ಒಂದು ಕಾಲದಲ್ಲಿ ಬಚ್ಚಲ ಹಂಡೆ ಮಾಡುತ್ತಿದ್ದ ಆ ಕೆಲಸವನ್ನು ತಾರಸಿಯ ಮೇಲಿನ ಸೋಲಾರ್ ನೀರುಕಾಯಿಸುವ ಸಾಧನ ಮಾಡುತ್ತಿದೆ. ತಂಪು ಬೇಕಾದುದೂ ಮಾರ್ಚ್‌ನಿಂದ ಮೇವರೆಗಿನ ಸುಮಾರು ತೊಂಬತ್ತು ದಿನ, ಅದೂ ಕೆಲವು ಕೋಣೆಗಳಿಗೆ, ಕೆಲವು ಗಂಟೆಗಳ ಕಾಲ. ಉಳಿದ ತಿಂಗಳುಗಳಲ್ಲಿ ಎದುರುಬದುರು ಕಿಟಕಿ ಮತ್ತು ಫ್ಯಾನು ಸಾಕು.

ವಲಯದ ಕಲ್ಪನೆ ಈ ಸೀಮೆಯವರಿಗೆ ಹೊಸದೂ ಅಲ್ಲ. ರೇಷ್ಮೆ ಸಾಕುವ ಮಳವಳ್ಳಿ, ಮದ್ದೂರು ಕಡೆಯ ರೈತನನ್ನು ಕೇಳಿದರೆ ಸಾಕು. ಚಾಕಿ ಹುಳುವಿಗೆ 27ರಿಂದ 28 ಡಿಗ್ರಿ ಶಾಖ ಮತ್ತು ಶೇ. 80ಕ್ಕೂ ಮೀರಿದ ತೇವ ಬೇಕು, ಬಲಿತ ಹುಳುವಿಗೆ 24ರಿಂದ 25 ಡಿಗ್ರಿ ಮತ್ತು ಅದಕ್ಕಿಂತ ಕಡಿಮೆ ತೇವ ಸಾಕು ಎಂಬುದು ಅವನಿಗೆ ಬಾಯಿಪಾಠ. ಎರಡನ್ನೂ ಒಂದೇ ಕೋಣೆಯಲ್ಲಿಟ್ಟು ಒಂದೇ ಹವೆ ಕೊಟ್ಟರೆ ಬೆಳೆ ಕೈಕೊಡುತ್ತದೆಂದು ಅವನು ಬಲ್ಲ. ಹುಳುಮನೆಗೆ ಇಷ್ಟು ವಿವೇಚನೆ ತೋರುವ ಊರಿನಲ್ಲಿ, ಮನುಷ್ಯರ ಮನೆಗೆ ಅರ್ಧ ಗಂಟೆಯ ವಿವೇಚನೆಯೂ ಸಿಗುವುದಿಲ್ಲ. ಹಿಂದಿನ ತೊಟ್ಟಿಮನೆಗಳಲ್ಲಿಯೂ ಹೊತ್ತಿಗೆ ತಕ್ಕ ಜಾಗವಿತ್ತು. ಮಧ್ಯಾಹ್ನಕ್ಕೆ ದಪ್ಪ ಗೋಡೆಯ ನಡುಮನೆ, ಸಂಜೆಗೆ ತೊಟ್ಟಿ, ಬೇಸಿಗೆಯ ರಾತ್ರಿಗೆ ಜಗಲಿ. ಜನರೇ ತಂಪಿರುವಲ್ಲಿಗೆ ಸರಿಯುತ್ತಿದ್ದರು. ತಂಪನ್ನು ಎಲ್ಲ ಕಡೆಗೂ ಎಳೆದು ತರಬೇಕೆಂಬ ಹಟ ಇರಲಿಲ್ಲ.

ಹಾಗಾದರೆ ಹೊಸ ಮನೆಯ ವಿಂಗಡಣೆ ಹೇಗಿರಬೇಕು? ನಕ್ಷೆಯ ಮೇಲೆ ಕೋಣೆಗಳ ಹೆಸರಿನ ಪಕ್ಕದಲ್ಲಿ ಆ ಕೋಣೆಯಲ್ಲಿ ಯಾರು, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಇರುತ್ತಾರೆಂದು ಬರೆಯುವುದರಿಂದ ಕೆಲಸ ಆರಂಭವಾಗಬೇಕು. ವರ್ತಕರ ಮನೆಯಲ್ಲಿ ಯಜಮಾನರು ಬೆಳಿಗ್ಗೆ ಒಂಬತ್ತಕ್ಕೆ ಅಂಗಡಿಗೆ ಹೊರಟರೆ ಮರಳುವುದು ರಾತ್ರಿ ಒಂಬತ್ತಕ್ಕೆ. ಮಕ್ಕಳು ಶಾಲೆ, ಕಾಲೇಜು, ಟ್ಯೂಷನ್ ಮುಗಿಸಿ ಬರುವ ವೇಳೆಗೆ ಸಂಜೆ. ಮಧ್ಯಾಹ್ನದ ಉರಿಬಿಸಿಲಿನಲ್ಲಿ ಮನೆಯಲ್ಲಿರುವವರು ವೃದ್ಧ ತಂದೆ ತಾಯಿ ಮತ್ತು ಗೃಹಿಣಿ. ಹೀಗಿರುವಾಗ ಹಗಲಿನ ತಂಪು ನಿಜವಾಗಿ ಬೇಕಾದುದು ಹಿರಿಯರ ಕೋಣೆಗೆ, ಮತ್ತು ಅದು ಇರಬೇಕಾದುದು ನೆಲಮಹಡಿಯ ಉತ್ತರಕ್ಕೋ ಪೂರ್ವಕ್ಕೋ. ಅನೇಕ ಮನೆಗಳಲ್ಲಿ ಮೊದಲು ಏ.ಸಿ. ಕಾಣುವುದು ಮಾತ್ರ ಬೀದಿಗೆ ಮುಖಮಾಡಿದ ಹಜಾರ. ಅಲ್ಲಿ ಅತಿಥಿಗಳು ತಿಂಗಳಿಗೆ ನಾಲ್ಕು ಸಲ ಕೂರುತ್ತಾರೆ.

ಈ ವಿಂಗಡಣೆಯನ್ನು ಹಾಳುಮಾಡುವ ದೊಡ್ಡ ಶತ್ರು ಈಚಿನ ಡ್ಯೂಪ್ಲೆಕ್ಸ್ ಮನೆಗಳ ತೆರೆದ ಮೆಟ್ಟಿಲು. ಎರಡು ಅಂತಸ್ತಿನ ಎತ್ತರದ ಹಜಾರ, ಅದರೊಳಗಿನಿಂದಲೇ ಮೇಲೇರುವ ಮೆಟ್ಟಿಲು, ಮೇಲೆ ಗಾಜಿನ ಚಾವಣಿ ನೋಡುವವರ ಕಣ್ಣಿಗೆ ಹಬ್ಬ. ಆದರೆ ತಂಪು ಗಾಳಿ ಭಾರವಾದುದು, ಕೆಳಗೆ ಇಳಿಯುತ್ತದೆ. ಬಿಸಿ ಗಾಳಿ ಮೇಲೇರುತ್ತದೆ. ಹಜಾರದಲ್ಲಿ ಯಂತ್ರ ಹಾಕಿದರೆ ಗಾಜಿನಿಂದ ಇಳಿಯುವ ಶಾಖದೊಡನೆ ಅದು ಹಗಲೆಲ್ಲ ಹೋರಾಡಬೇಕು. ಮಹಡಿಯ ಮೊಗಸಾಲೆಯಲ್ಲಿ ಹಾಕಿದರೆ ಅದರ ತಂಪೆಲ್ಲ ಮೆಟ್ಟಿಲಿಳಿದು ಕೆಳಗಿನ ಅಡುಗೆಮನೆಯ ಕಡೆಗೆ ನಡೆಯುತ್ತದೆ. ಬಾಗಿಲಿಲ್ಲದ ಜಾಗವನ್ನು ವಲಯವೆನ್ನಲು ಬಾರದು. ಮೆಟ್ಟಿಲಿಗೆ ಒಂದು ಗೋಡೆ, ಮೇಲ್ತುದಿಯಲ್ಲಿ ಒಂದು ಬಾಗಿಲು ಇಟ್ಟರೆ ಮೇಲಂತಸ್ತು ಮತ್ತು ಕೆಳಂತಸ್ತು ಎರಡು ಸ್ವತಂತ್ರ ಭಾಗಗಳಾಗುತ್ತವೆ. ಮುಂದೆ ಒಂದು ಅಂತಸ್ತನ್ನು ಬಾಡಿಗೆಗೆ ಕೊಡಲೂ ಅನುಕೂಲ. ಶೋಭೆ ಸ್ವಲ್ಪ ಕಡಿಮೆಯಾಗಬಹುದು. ಆ ಶೋಭೆಯ ಬೆಲೆಯೇನೆಂದು ವಾಸ್ತುಶಿಲ್ಪಿಯನ್ನು ಕೇಳಿ ಬರೆಯಿಸಿಕೊಳ್ಳುವುದು ಒಳ್ಳೆಯದು.

ಯಂತ್ರದ ಗಾತ್ರವನ್ನು ತೀರ್ಮಾನಿಸುವುದು ಶಾಖದ ಒಳಹರಿವು. ಮೇಲಂತಸ್ತಿನಲ್ಲಿ ಅದರ ಬಹುಭಾಗ ಇಳಿಯುವುದು ತಾರಸಿಯ ಮೂಲಕ. ಇಟ್ಟಿಗೆ, ಗಾರೆಯ ಹಳೆಯ ಮದ್ರಾಸ್ ತಾರಸಿಗೆ ಇದ್ದ ತಾಳ್ಮೆ ಐದು ಇಂಚಿನ ಕಾಂಕ್ರೀಟ್ ಚಾವಣಿಗೆ ಇಲ್ಲ. ಹಗಲಿಡೀ ನುಂಗಿದ ಬಿಸಿಲನ್ನು ಅದು ರಾತ್ರಿ ಮಲಗುವ ಹೊತ್ತಿಗೆ ಕೋಣೆಯೊಳಕ್ಕೆ ಬಿಡುತ್ತದೆ. ಬಿಳಿಯ ಲೇಪ, ಬಿಸಿಲು ಹಿಂದಿರುಗಿಸುವ ಹೆಂಚು, ಶಾಖನಿರೋಧಕ ಪದರ, ಇಲ್ಲವೇ ತಾರಸಿಯ ಮೇಲೊಂದು ನೆರಳಿನ ಮಾಡು, ಇವುಗಳಲ್ಲಿ ಯಾವುದನ್ನು ಆರಿಸಿದರೂ ಯಂತ್ರದ ಹೊರೆ ಇಳಿಯುತ್ತದೆ. ಪಶ್ಚಿಮದ ಗೋಡೆಗೆ ಮೆಟ್ಟಿಲು, ಬಚ್ಚಲು, ಉಗ್ರಾಣಗಳನ್ನು ಆನಿಸಿದರೆ ಮಲಗುವ ಕೋಣೆಗೆ ಕವಚ ದೊರೆಯುತ್ತದೆ. ಇದಕ್ಕೆ ಒಂದು ರೂಪಾಯಿಯೂ ಹೆಚ್ಚು ತಗಲುವುದಿಲ್ಲ. ಕೇಂದ್ರ ಸರ್ಕಾರ 2018ರ ಡಿಸೆಂಬರ್‌ನಲ್ಲಿ ಹೊರತಂದ ಇಕೋ ನಿವಾಸ ಸಂಹಿತೆ ಎಂಬ ವಸತಿ ಕಟ್ಟಡಗಳ ನಿಯಮಾವಳಿಯು ಯಂತ್ರದ ಮಾತಿಗೂ ಮೊದಲು ಗೋಡೆ, ಚಾವಣಿ, ಕಿಟಕಿಗಳ ಮಾತನ್ನೇ ಆಡಿದೆ.

ಇನ್ನು ಅಂಕಿಗಳಿಗೆ ಬರೋಣ. ಮದ್ದೂರಿನ ಒಬ್ಬ ಅಕ್ಕಿ ವ್ಯಾಪಾರಿ ನಾಲ್ಕು ಮಲಗುವ ಕೋಣೆಗಳ ಎರಡಂತಸ್ತಿನ ಮನೆ ಕಟ್ಟುತ್ತಿದ್ದಾರೆಂದು ಭಾವಿಸೋಣ. ಇಡೀ ಮನೆಗೆ ಎಂಟು ಟನ್ನಿನ ವ್ಯವಸ್ಥೆಗೆ 7 ಲಕ್ಷ ರೂಪಾಯಿಯ ಅಂದಾಜು ಪಟ್ಟಿ ಬಂದಿದೆಯೆನ್ನೋಣ. (ಟನ್ ಎಂಬುದು ಯಂತ್ರದ ತೂಕವಲ್ಲ, ಒಂದು ಟನ್ ಮಂಜುಗಡ್ಡೆ 24 ಗಂಟೆಗಳಲ್ಲಿ ಕರಗುವಾಗ ಹೀರುವ ಶಾಖದ ಅಳತೆ, ಸುಮಾರು 3.5 ಕಿಲೋವಾಟ್.) ಬದಲಿಗೆ ಹಿರಿಯರ ಕೋಣೆ ಮತ್ತು ಎರಡು ಮಲಗುವ ಕೋಣೆಗಳಿಗೆ ಮಾತ್ರ ತಲಾ 45,000 ರೂಪಾಯಿಯ ಮೂರು ಇನ್ವರ್ಟರ್ ಯಂತ್ರ, ಕೊಳವೆ ಮತ್ತು ವೈರಿಗೆ 35,000, ಒಟ್ಟು 1,70,000 ರೂಪಾಯಿ. ಇವು ಲೆಕ್ಕಕ್ಕಾಗಿ ಹಿಡಿದ ಮೊತ್ತಗಳು. ಪ್ರತಿಯೊಬ್ಬರೂ ತಮ್ಮ ಪಟ್ಟಿಯ ಅಂಕಿಗಳನ್ನು ಇಟ್ಟು ನೋಡಬಹುದು.

ವಿದ್ಯುತ್ತಿನ ಖರ್ಚು ಹೀಗಾಗುತ್ತದೆ. ಇಡೀ ಮನೆಯ ವ್ಯವಸ್ಥೆ ಗಂಟೆಗೆ ಸರಾಸರಿ 6 ಯೂನಿಟ್‌ನಂತೆ ದಿನಕ್ಕೆ 6 ಗಂಟೆ, 90 ದಿನ ನಡೆದರೆ 3,240 ಯೂನಿಟ್. ಯೂನಿಟ್ಟಿಗೆ 6 ರೂಪಾಯಿ ಹಿಡಿದರೆ 19,440 ರೂಪಾಯಿ. ವಿಂಗಡಿಸಿದ ಮನೆಯಲ್ಲಿ ರಾತ್ರಿ ಎರಡು ಕೋಣೆಗಳಲ್ಲಿ 8 ಗಂಟೆ, ಗಂಟೆಗೆ 0.7 ಯೂನಿಟ್‌ನಂತೆ, ಮತ್ತು ಮಧ್ಯಾಹ್ನ ಹಿರಿಯರ ಕೋಣೆಯಲ್ಲಿ 4 ಗಂಟೆ, ಗಂಟೆಗೆ 1 ಯೂನಿಟ್‌ನಂತೆ ಖರ್ಚಾದರೆ ದಿನಕ್ಕೆ 15.2 ಯೂನಿಟ್, 90 ದಿನಕ್ಕೆ 1,368 ಯೂನಿಟ್, 8,208 ರೂಪಾಯಿ. ವರ್ಷದ ಉಳಿತಾಯ 11,232 ರೂಪಾಯಿ. ಮಾರಾಟಗಾರರು ಮತ್ತು ಕೊಳ್ಳುವವರು ಇಬ್ಬರೂ ವಾದ ಮಾಡುವುದು ಈ ಮೊತ್ತದ ಸುತ್ತಲೇ. ನಕ್ಷತ್ರಗಳು ಎಷ್ಟು, ಬಿಲ್ಲು ಎಷ್ಟು ಎಂಬಲ್ಲಿಗೆ ಚರ್ಚೆ ಮುಗಿಯುತ್ತದೆ.

ಆದರೆ ದೊಡ್ಡ ಮೊತ್ತ ಇರುವುದು ಬೇರೆ ಕಡೆ. ಎರಡು ವ್ಯವಸ್ಥೆಗಳ ಬಂಡವಾಳದ ವ್ಯತ್ಯಾಸ 5,30,000 ರೂಪಾಯಿ. ವ್ಯಾಪಾರಿಯ ಓವರ್‌ಡ್ರಾಫ್ಟ್ ಖಾತೆಗೆ ಬ್ಯಾಂಕು ಶೇ. 10ರ ಬಡ್ಡಿ ಹಾಕುತ್ತಿದ್ದರೆ ಈ ಹಣಕ್ಕೆ ವರ್ಷಕ್ಕೆ ತೆರುವ ಬಡ್ಡಿ 53,000 ರೂಪಾಯಿ. ವಿದ್ಯುತ್ತಿನ ವ್ಯತ್ಯಾಸದ ನಾಲ್ಕೂವರೆ ಪಟ್ಟಿಗೂ ಹೆಚ್ಚು. ಬೇಸಿಗೆ ಮುಗಿದ ಮೇಲೆ ಯಂತ್ರ ನಿಲ್ಲುತ್ತದೆ, ಬಡ್ಡಿ ನಿಲ್ಲುವುದಿಲ್ಲ. ಮನೆಯ ಕೆಲಸ ಕೊನೆಯ ಹಂತಕ್ಕೆ ಬಂದಾಗ ಗೃಹಸಾಲ ತೀರಿಹೋಗಿರುತ್ತದೆ. ಏ.ಸಿ., ಪೀಠೋಪಕರಣ, ದೀಪಗಳಿಗೆ ಹಣ ಬರುವುದು ಅಂಗಡಿಯ ಗಲ್ಲಾದಿಂದ. ಭತ್ತದ ಸುಗ್ಗಿಯಲ್ಲಿ ಮಾಲು ಹಿಡಿಯಲು, ಆಲೆಮನೆಯವರಿಗೆ ಬೆಲ್ಲದ ಮುಂಗಡ ಕೊಡಲು ಇರಬೇಕಾದ ದುಡಿಯುವ ಬಂಡವಾಳ ಹೀಗೆ ಗೋಡೆಗೆ ಅಂಟಿಕೊಳ್ಳುತ್ತದೆ. ಮನೆ ಕಟ್ಟಿದ ವರ್ಷವೇ ವಹಿವಾಟು ಕುಗ್ಗಿದ ವರ್ತಕರ ಲೆಕ್ಕಪುಸ್ತಕ ತೆರೆದರೆ, ಮಾರುಕಟ್ಟೆಯನ್ನು ದೂರುವ ಮೊದಲು ನೋಡಬೇಕಾದ ಪುಟ ಇದು.

ಮಂಜೂರಾದ ವಿದ್ಯುತ್ ಹೊರೆಯ ವಿಷಯವೂ ಇದೇ ಬಗೆಯದು. ಮಂಡ್ಯ ಜಿಲ್ಲೆಗೆ ವಿದ್ಯುತ್ ಪೂರೈಸುವ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಬಿಲ್ಲಿನಲ್ಲಿ ಬಳಸಿದ ಯೂನಿಟ್ಟಿನ ದರ ಒಂದು, ಮಂಜೂರಾದ ಪ್ರತಿ ಕಿಲೋವಾಟಿಗೆ ತೆರುವ ನಿಗದಿತ ಶುಲ್ಕ ಇನ್ನೊಂದು. ಈ ಶುಲ್ಕ ಕಿಲೋವಾಟಿಗೆ ತಿಂಗಳಿಗೆ ನೂರು ರೂಪಾಯಿಯನ್ನು ದಾಟಿದೆ. ದೊಡ್ಡ ಯಂತ್ರಕ್ಕಾಗಿ ಐದು ಕಿಲೋವಾಟ್ ಹೆಚ್ಚು ಪಡೆದವರು ಕಾರ್ತಿಕದ ಚಳಿಯಲ್ಲೂ ಅದಕ್ಕೆ ಹಣ ಕಟ್ಟುತ್ತಿರುತ್ತಾರೆ. ಹಾಗೆಂದು ಹೊರೆಯನ್ನು ಕಡಿಮೆ ತೋರಿಸಿ ಯಂತ್ರ ನಡೆಸುವುದು ದಂಡಕ್ಕೂ ಸುಟ್ಟ ವೈರಿಗೂ ದಾರಿ.

2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯನ್ನು ನಂಬಿ ಏ.ಸಿ. ಕೊಳ್ಳುವವರೂ ಇದ್ದಾರೆ. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ಣ ಬಿಲ್ಲನ್ನು ಕಟ್ಟಬೇಕೆಂಬುದು ಆ ಯೋಜನೆಯ ನಿಯಮ. ಮೇಲಿನ ಲೆಕ್ಕದಂತೆ ಒಂದೇ ಮಲಗುವ ಕೋಣೆಯ ಯಂತ್ರ ತಿಂಗಳಿಗೆ 168 ಯೂನಿಟ್ ತಿನ್ನುತ್ತದೆ. ಫ್ರಿಜ್ಜು, ದೀಪ, ಮಿಕ್ಸಿಗಳ ಬಳಕೆ ಸೇರಿದರೆ 200ರ ಗಡಿ ತಾನಾಗಿ ದಾಟುತ್ತದೆ. ಹೊಸ ಮನೆಗೆ ಹಿಂದಿನ ಬಳಕೆಯ ದಾಖಲೆಯೂ ಇರುವುದಿಲ್ಲ. ಬೇಸಿಗೆಯ ಮೂರು ತಿಂಗಳ ಮಟ್ಟಿಗೆ ಉಚಿತ ವಿದ್ಯುತ್ತನ್ನು ಲೆಕ್ಕದಿಂದ ಕೈಬಿಟ್ಟೇ ಯೋಜಿಸುವುದು ಕ್ಷೇಮ. 2024ರ ಫೆಬ್ರುವರಿಯಲ್ಲಿ ಆರಂಭವಾದ ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವಾಟ್ ತಾರಸಿ ಸೌರಫಲಕಕ್ಕೆ 78,000 ರೂಪಾಯಿ ಸಹಾಯಧನ ನಿಗದಿಯಾಯಿತು. ಫಲಕಗಳು ತಾರಸಿಗೆ ನೆರಳನ್ನೂ ಕೊಡುವುದರಿಂದ ಇದು ಯೋಚಿಸತಕ್ಕ ವಿಷಯ. ಆದರೆ ಫಲಕ ದುಡಿಯುವುದು ಹಗಲು, ಮಲಗುವ ಕೋಣೆ ತಂಪು ಕೇಳುವುದು ರಾತ್ರಿ ಎಂಬ ಅಂತರವನ್ನು ಮರೆಯುವಂತಿಲ್ಲ.

ಕಾವೇರಿಯ ನಾಡಿಗೆ ಈ ಅಂತರ ಹಳೆಯ ಪರಿಚಯ. ಬೇಸಿಗೆಯಲ್ಲಿ ನದಿಯ ಹರಿವು ಇಳಿದಾಗ ಶಿವನಸಮುದ್ರದ ಯಂತ್ರಗಳಿಗೆ ನೀರು ಸಾಲುತ್ತಿರಲಿಲ್ಲ. 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಕಟ್ಟೆಯ ಉದ್ದೇಶಗಳಲ್ಲಿ ನೀರಾವರಿಯೊಂದಿಗೆ ಈ ವಿದ್ಯುದಾಗಾರಕ್ಕೆ ವರ್ಷವಿಡೀ ನೀರು ಒದಗಿಸುವುದೂ ಸೇರಿತ್ತು. ನೀರು ಕಡಿಮೆಯಾಗುವ ತಿಂಗಳಲ್ಲೇ ಬೇಡಿಕೆ ಏರುವ ತೊಂದರೆ ಆಗಿಗಿಂತ ಈಗ ಹೆಚ್ಚು. ಬೇಸಿಗೆಯ ಸಂಜೆ ಏಳರಿಂದ ಹತ್ತರವರೆಗೆ ಬೀದಿಯ ಎಲ್ಲ ಯಂತ್ರಗಳೂ ಒಟ್ಟಿಗೆ ಚಾಲೂ ಆದರೆ ಟ್ರಾನ್ಸ್‌ಫಾರ್ಮರಿನ ಕೊನೆಯ ಮನೆಯಲ್ಲಿ ಫ್ಯಾನು ನಿಧಾನವಾಗುತ್ತದೆ. 2020ರ ಜನವರಿಯಿಂದ ಕೋಣೆಯ ಏ.ಸಿ.ಗಳು 24 ಡಿಗ್ರಿಗೆ ಹೊಂದಿಸಿಯೇ ಮಾರುಕಟ್ಟೆಗೆ ಬರಬೇಕೆಂದು ಕೇಂದ್ರದ ಇಂಧನ ದಕ್ಷತಾ ಸಂಸ್ಥೆ ವಿಧಿಸಿದ್ದು, ಒಂದೊಂದು ಡಿಗ್ರಿ ಏರಿಸಿದಾಗಲೂ ಸುಮಾರು ಶೇ. 6 ವಿದ್ಯುತ್ ಉಳಿಯುತ್ತದೆಂಬ ಅಂದಾಜಿನಿಂದ. ಮನೆಗೆ ತಂದ ದಿನವೇ ಅದನ್ನು 18ಕ್ಕೆ ಇಳಿಸಿ ಕಂಬಳಿ ಹೊದ್ದು ಮಲಗುವವರ ಬಗ್ಗೆ ಹೇಳುವುದೇನು!

ಕೆಳಗೆ ಅಂಗಡಿ, ಮೇಲೆ ಮನೆ ಇರುವ ಕಟ್ಟಡಗಳಲ್ಲಿ ತೆರಿಗೆಯ ಪ್ರಶ್ನೆಯೂ ಸೇರಿಕೊಳ್ಳುತ್ತದೆ. ಅಂಗಡಿ, ಗೋದಾಮು, ಕಚೇರಿಗಳು ಒಂದು ವಲಯ, ವಾಸದ ಭಾಗ ಇನ್ನೊಂದು. ಇವೆರಡಕ್ಕೂ ಮೀಟರು ಬೇರೆಯೇ ಇರಬೇಕು. ಮನೆಯ ಮೀಟರಿನಿಂದ ಅಂಗಡಿಯ ಏ.ಸಿ. ನಡೆಸಿ ಸಿಕ್ಕಿಬಿದ್ದರೆ 2003ರ ವಿದ್ಯುತ್ ಕಾಯ್ದೆಯ 126ನೇ ಪ್ರಕರಣದಂತೆ ಸಂಬಂಧಪಟ್ಟ ದರದ ಎರಡರಷ್ಟು ಕಟ್ಟಬೇಕಾಗುತ್ತದೆ. ಅಂಗಡಿಯ ಯಂತ್ರದ ಮೇಲೆ ಆದಾಯ ತೆರಿಗೆಯಲ್ಲಿ ವರ್ಷಕ್ಕೆ ಶೇ. 15 ಸವಕಳಿ ಸಿಗುತ್ತದೆ; ಆ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. ಬೇಸಿಗೆಗೆಂದು ಮಾರ್ಚಿಯಲ್ಲಿ ಕೊಳ್ಳುವ ಬದಲು ಏಪ್ರಿಲ್ ಮೊದಲ ವಾರದಲ್ಲಿ ಕೊಂಡರೆ ಆ ಆರ್ಥಿಕ ವರ್ಷಕ್ಕೆ ಪೂರ್ಣ ಸವಕಳಿ ಸಾಧ್ಯ. ಹೊರೆಯಾಗದ ಈ ಚಿಕ್ಕ ವಿಳಂಬವನ್ನು ಹೆಚ್ಚಿನವರು ಮಾಡುವುದಿಲ್ಲ. ಅಂದಾಜು ಲಾಭದ ಆಧಾರದ ಮೇಲೆ ತೆರಿಗೆ ಕಟ್ಟುವ ಸಣ್ಣ ವರ್ತಕರಿಗೆ ಸವಕಳಿ ಪ್ರತ್ಯೇಕವಾಗಿ ದೊರೆಯುವುದಿಲ್ಲ. ಒಂದೇ ಯಂತ್ರ ಮನೆಗೂ ಅಂಗಡಿಗೂ ಗಾಳಿ ಕೊಡುತ್ತಿದ್ದರೆ ವ್ಯವಹಾರದ ಪಾಲಿನಷ್ಟಕ್ಕೆ ಮಾತ್ರ ವಿನಾಯಿತಿ. ಆ ಪಾಲನ್ನು ಅಧಿಕಾರಿಯ ಮುಂದೆ ಸಮರ್ಥಿಸುವ ಕಷ್ಟ ಬೇರೆ. ಕೇಂದ್ರೀಯ ವ್ಯವಸ್ಥೆಯ ವಿರುದ್ಧ ಇದೂ ಒಂದು ವಾದ.

ಜಿ.ಎಸ್.ಟಿ.ಯಲ್ಲಿಯೂ ಹಾಗೆಯೇ. 2025ರ ಸೆಪ್ಟೆಂಬರ್ 22ರಿಂದ ಏ.ಸಿ.ಗಳ ಮೇಲಿನ ತೆರಿಗೆ ಶೇ. 28ರಿಂದ 18ಕ್ಕೆ ಇಳಿಯಿತು. ತೆರಿಗೆಪೂರ್ವ ಬೆಲೆ 36,000 ಇರುವ ಯಂತ್ರಕ್ಕೆ 3,600 ರೂಪಾಯಿ ಕಡಿಮೆಯಾದಂತೆ. ಅಂಗಡಿಗೆಂದು ಅಂಗಡಿಯ ನೋಂದಣಿ ಸಂಖ್ಯೆಯಲ್ಲಿ ಕೊಂಡ ಯಂತ್ರಕ್ಕೆ ಹೂಡುವಳಿ ತೆರಿಗೆ ಜಮೆ ಕೇಳಬಹುದು, ಆದರೆ ಆ ತೆರಿಗೆಯ ಮೊತ್ತದ ಮೇಲೆ ಮತ್ತೆ ಸವಕಳಿ ಕೇಳುವಂತಿಲ್ಲ. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಜಮೆಯೇ ಇಲ್ಲ. ಮಲಗುವ ಕೋಣೆಯ ಯಂತ್ರದ ಬಿಲ್ಲನ್ನು ಅಂಗಡಿಯ ಹೆಸರಿನಲ್ಲಿ ಬರೆಯಿಸುವ ಚಪಲವನ್ನು ಬಿಡುವುದು ಲೇಸು. ಆರು ಸಾವಿರದ ಜಮೆಗಾಗಿ ಬಡ್ಡಿ, ದಂಡ, ನೋಟೀಸುಗಳನ್ನು ತಂದುಕೊಳ್ಳುವುದು ವ್ಯಾಪಾರವಲ್ಲ.

ಇಷ್ಟೆಲ್ಲ ತೀರ್ಮಾನವಾಗಬೇಕಾದುದು ಗೋಡೆಗೆ ಗಾರೆ ಬೀಳುವ ಮುನ್ನ. ಯಾವ ಕೋಣೆಗೆ ಇಂದು ಯಂತ್ರ, ಯಾವ ಕೋಣೆಗೆ ಮುಂದೆ ಬೇಕಾದೀತು ಎಂಬುದನ್ನು ನಿಶ್ಚಯಿಸಿ ಆ ಎಲ್ಲ ಕೋಣೆಗಳಿಗೂ ತಾಮ್ರದ ಕೊಳವೆ ಹಾಯುವ ರಂಧ್ರ, ನೀರು ಇಳಿಯುವ ಓಟವಿರುವ ಪೈಪು, ಪ್ರತ್ಯೇಕ ವೈರು ಮತ್ತು ಎಂಸಿಬಿಯನ್ನು ಈಗಲೇ ಹಾಕಿಸಬೇಕು. ಯಂತ್ರವನ್ನು ಮಾತ್ರ ಬೇಕಾದಾಗ ಕೊಳ್ಳಬಹುದು. ಅಳಿಯನೋ ಸೊಸೆಯೋ ಬರುವ ವರ್ಷಕ್ಕೆ ಮೂರನೆಯ ಕೋಣೆಯದು ಬರಲಿ. ಹೊರಗಿನ ಘಟಕವನ್ನು ನಾಲ್ಕು ಕಡೆ ಮುಚ್ಚಿದ ಗಾಳಿಗೂಡಿನಲ್ಲಿ ಇಡಬಾರದು. ಅದು ಬಿಟ್ಟ ಬಿಸಿ ಗಾಳಿಯನ್ನೇ ಮತ್ತೆ ಹೀರಿ ದಣಿಯುತ್ತದೆ. ತಂತ್ರಜ್ಞನು ನಿಂತು ಸ್ವಚ್ಛಗೊಳಿಸಲು ಎರಡಡಿ ಜಾಗ, ಮೇಲೆ ನೆರಳು, ಪಕ್ಕದ ಮನೆಯವರ ಕಿಟಕಿಯಿಂದ ದೂರ, ಇಷ್ಟನ್ನು ನಕ್ಷೆಯಲ್ಲೇ ಗುರುತಿಸಬೇಕು. ಮೇಸ್ತ್ರಿ ಮತ್ತು ವಿದ್ಯುತ್ ಗುತ್ತಿಗೆದಾರ ಒಂದೇ ದಿನ ನಿವೇಶನಕ್ಕೆ ಬಂದು, ಮನೆಯ ಹೆಂಗಸರನ್ನೂ ಕೂರಿಸಿಕೊಂಡು, ಈ ಗುರುತುಗಳನ್ನು ಸುಣ್ಣದಲ್ಲಿ ಗೋಡೆಯ ಮೇಲೆ ಬರೆದರೆ ಒಂದು ಬೆಳಗಿನ ಕೆಲಸ. ಮಧ್ಯಾಹ್ನ ಯಾವ ಕೋಣೆ ಕಾಯುತ್ತದೆ, ಅತ್ತೆಯವರು ಎಲ್ಲಿ ಒರಗುತ್ತಾರೆ, ಮಕ್ಕಳು ಯಾವ ಮೂಲೆಯಲ್ಲಿ ಓದುತ್ತಾರೆ ಎಂಬುದನ್ನು ಯಜಮಾನರಿಗಿಂತ ಅವರೇ ಚೆನ್ನಾಗಿ ಬಲ್ಲರು.